ರುದ್ರಪಟ್ಟಣದ ಪಿಟೀಲು, ನಾಟಕದ ಪೆಟ್ಟಿಗೆ

ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಂಡೆಯ ಒಂದು ಹಳ್ಳಿ. ಕರ್ನಾಟಕ ಸಂಗೀತದ ಕಛೇರಿಗಳಿಗೆ ಹೋಗಿ ಕೂರುವವರಿಗೆ ಇದರ ಹೆಸರು ಚಿರಪರಿಚಿತ. ಗಾಯಕ ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಆರ್.ಕೆ. ಪದ್ಮನಾಭ, ಪಿಟೀಲು ವಿದ್ವಾಂಸ ಆರ್.ಆರ್. ಕೇಶವಮೂರ್ತಿ ಎಲ್ಲರದೂ ಇದೇ ಊರು. ಅವರ ಹೆಸರಿನ ಮೊದಲ ‘ಆರ್’ ರುದ್ರಪಟ್ಟಣವೇ. ಸಪ್ತಸ್ವರಗಳನ್ನೇ ದೇವತೆಗಳನ್ನಾಗಿ ಪೂಜಿಸುವ, ತಂಬೂರಿಯ ಆಕಾರದ ಮಂದಿರವನ್ನೂ ಪದ್ಮನಾಭರು ಇಲ್ಲಿ ಕಟ್ಟಿಸಿದ್ದಾರೆ.

ಇಷ್ಟು ಅಪ್ಪಟ ದೇಸಿ ಎನ್ನಿಸುವ ಈ ಪರಂಪರೆಯ ಒಂದು ಮುಖ್ಯ ವಾದ್ಯ ಮಾತ್ರ ಇಟಲಿಯದು.

ಹಾಸನ ಸೀಮೆಯ ಹಳೆಯ ವಾದ್ಯಗಳು ಯಾವುವು ಎಂದು ತಿಳಿಯಲು ಗುಡಿಗಳ ಗೋಡೆ ನೋಡಿದರೆ ಸಾಕು. ಬೇಲೂರು, ಹಳೇಬೀಡಿನ ಹೊಯ್ಸಳ ಶಿಲ್ಪಗಳಲ್ಲಿ ಮದ್ದಳೆ ಬಡಿಯುವವರು, ತಾಳ ಹಾಕುವವರು, ಕೊಳಲು ಊದುವವರು ಸಾಲುಸಾಲಾಗಿದ್ದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದ ಮೂರು ಗರ್ಭಗುಡಿಗಳಲ್ಲಿ ಒಂದು ವೇಣುಗೋಪಾಲನದು. ಬಡಿಯುವುದು, ಊದುವುದು, ಮೀಟುವುದು, ಇವೇ ಈ ಶಿಲ್ಪಗಳಲ್ಲಿ ಎದ್ದು ಕಾಣುತ್ತವೆ. ಭುಜಕ್ಕೊರಗಿಸಿ ಕಮಾನಿನಿಂದ ಎಳೆದು ನುಡಿಸುವ ಪಿಟೀಲು ಆಗ ಯುರೋಪಿನಲ್ಲೂ ಹುಟ್ಟಿರಲಿಲ್ಲ.

ಅದು ಹುಟ್ಟಿದ್ದು 16ನೆಯ ಶತಮಾನದಲ್ಲಿ, ಉತ್ತರ ಇಟಲಿಯಲ್ಲಿ. ಕ್ರೆಮೋನಾ ಪಟ್ಟಣದ ಆಂಡ್ರಿಯಾ ಅಮಾಟಿ ಅದಕ್ಕೆ ಈಗಿನ ರೂಪ ಕೊಟ್ಟವರಲ್ಲಿ ಮೊದಲಿಗ. ಅದೇ ಪಟ್ಟಣದ ಆಂಟೋನಿಯೊ ಸ್ಟ್ರಾಡಿವರಿ 1737ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಪಿಟೀಲು ಯುರೋಪಿನ ವಾದ್ಯವೃಂದದ ಬೆನ್ನೆಲುಬಾಗಿತ್ತು. ಮೇಲಿನ ಹಲಗೆಗೆ ಸ್ಪ್ರೂಸ್ ಮರ, ಹಿಂಬದಿಗೆ ಮೇಪಲ್. ತಂತಿಗಳನ್ನು ಎತ್ತಿ ಹಿಡಿಯುವ ‘ಕುದುರೆ’ ಅವುಗಳ ಕಂಪನವನ್ನು ಮೇಲಿನ ಹಲಗೆಗೆ ದಾಟಿಸುತ್ತದೆ. ಒಳಗೆ ನಿಲ್ಲಿಸಿದ ಒಂದು ಸಣ್ಣ ಕಡ್ಡಿ ಅದನ್ನು ಹಿಂಬದಿಗೂ ಮುಟ್ಟಿಸುತ್ತದೆ. ಅಂಗೈ ಅಗಲದ ಪೆಟ್ಟಿಗೆಯಿಂದ ಸಭಾಂಗಣ ತುಂಬುವ ನಾದ ಹೊರಡುವುದು ಹೀಗೆ.

ಬ್ರಿಟಿಷರು, ಫ್ರೆಂಚರ ಜೊತೆ ಪಿಟೀಲು ದಕ್ಷಿಣ ಭಾರತಕ್ಕೆ ಬಂತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಮದರಾಸಿನ ಕಡೆ ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. ಅವೇ ಇಂದಿಗೂ ಮಕ್ಕಳಿಗೆ ಹೇಳಿಕೊಡುವ ನೋಟ್ಟುಸ್ವರಗಳು. ತಂಜಾವೂರಿನ ವಡಿವೇಲು ಅವರಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲನ್ನು ಬಹುಮಾನವಾಗಿ ಕೊಟ್ಟರು.

ವಾದ್ಯವನ್ನು ನಮ್ಮವರು ಬಂದ ಹಾಗೇ ಉಳಿಸಿಕೊಳ್ಳಲಿಲ್ಲ. ಯುರೋಪಿನ ವಾದಕ ನಿಂತೋ ಕುರ್ಚಿಯಲ್ಲಿ ಕೂತೋ, ಗದ್ದದ ಕೆಳಗೆ ಒತ್ತಿ ಹಿಡಿದು ನುಡಿಸುತ್ತಾನೆ. ನಮ್ಮ ವಿದ್ವಾಂಸ ನೆಲದ ಮೇಲೆ ಕೂತು, ಪಿಟೀಲಿನ ಹಿಂಬದಿಯನ್ನು ಎದೆಗೆ ಆನಿಸಿ, ಸುರುಳಿಯ ತುದಿಯನ್ನು ಬಲಗಾಲಿನ ಹರಡಿನ ಮೇಲೆ ಇಡುತ್ತಾನೆ. ಎರಡು ಕಡೆ ಆಧಾರ ಸಿಕ್ಕಿದ ಮೇಲೆ ಎಡಗೈಗೆ ವಾದ್ಯವನ್ನು ಹೊರುವ ಕೆಲಸವಿಲ್ಲ; ಬೆರಳು ತಂತಿಯ ಉದ್ದಕ್ಕೂ ಜಾರಬಹುದು. ಗಮಕಕ್ಕೆ ಬೇಕಾದದ್ದು ಈ ಜಾರುವಿಕೆಯೇ. ಶ್ರುತಿಯೂ ಬೇರೆ. ಅಲ್ಲಿ ನಾಲ್ಕು ತಂತಿಗಳನ್ನು ಒಂದರಿಂದ ಒಂದಕ್ಕೆ ಐದು ಸ್ವರಗಳ ಅಂತರದಲ್ಲಿ ಏರಿಸುತ್ತಾ ಹೋದರೆ, ಇಲ್ಲಿ ಎರಡು ಸ್ಥಾಯಿಗಳ ಷಡ್ಜ ಪಂಚಮಗಳಿಗೆ ಬಿರಡೆ ತಿರುಗಿಸುತ್ತಾರೆ. ಮರ, ತಂತಿ, ಕಮಾನು ಎಲ್ಲವೂ ಕ್ರೆಮೋನಾದವೇ. ನುಡಿಯುವುದು ತೋಡಿ, ಭೈರವಿ.

ಮೈಸೂರು ಸಂಸ್ಥಾನದಲ್ಲಿ ಈ ವಾದ್ಯವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದವರು ತಿರುಮಕೂಡಲಿನ ಟಿ. ಚೌಡಯ್ಯ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಬಿಡಾರಂ ಕೃಷ್ಣಪ್ಪನವರ ಈ ಶಿಷ್ಯರು ನಾಲ್ಕು ತಂತಿಗೆ ಮತ್ತೆ ಮೂರು ಸೇರಿಸಿ ನಾದಕ್ಕೆ ತೂಕ ತಂದರು. ರುದ್ರಪಟ್ಟಣದ ಆರ್.ಕೆ. ವೆಂಕಟರಾಮ ಶಾಸ್ತ್ರಿಗಳು ಕಲಿತದ್ದು ಚೌಡಯ್ಯನವರ ಬಳಿ. ಅವರ ತಮ್ಮ ಶ್ರೀಕಂಠನ್ ಹಾಡುಗಾರಿಕೆ ಕಲಿತದ್ದು ಪಿಟೀಲು ನುಡಿಸುವ ಈ ಅಣ್ಣನಿಂದ. ಕೇಶವಮೂರ್ತಿಯವರು ಏಳು ತಂತಿಯ ಪಿಟೀಲನ್ನೇ ಕೈಗೆತ್ತಿಕೊಂಡರು. ಅವರ ಶಿಷ್ಯೆ ಜ್ಯೋತ್ಸ್ನಾ ಶ್ರೀಕಾಂತ್ ಪಾಶ್ಚಾತ್ಯ ಶೈಲಿಯನ್ನೂ ಕಲಿತು ಲಂಡನ್ನಿನಲ್ಲಿ ನೆಲೆಸಿ ನುಡಿಸುತ್ತಿದ್ದಾರೆ.

ವಾದ್ಯ ಬಂತು, ಅದರ ಜೊತೆಗಿದ್ದ ಸಂಗೀತ ಏನಾಯಿತು? ಅದು ಬಹುಮಟ್ಟಿಗೆ ಮೈಸೂರಿನ ಅರಮನೆಯಲ್ಲೇ ಉಳಿಯಿತು. ಅಲ್ಲಿ ಕರ್ನಾಟಕ ವಾದ್ಯವೃಂದದ ಜೊತೆಗೆ ಇಂಗ್ಲಿಷ್ ಬ್ಯಾಂಡೂ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ನಂತರ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಪಿಯಾನೊ ಬಲ್ಲವರು. ರಷ್ಯದ ನಿಕೊಲಾಯ್ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿ ಕೇಳಿಬಂದದ್ದು ಒಡೆಯರ ನೆರವಿನಿಂದ. ಇದೇ ದೊರೆ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥ್ 1994ರಲ್ಲಿ ಅದೇ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯ ಸಂಗೀತೋತ್ಸವದಲ್ಲಿ ಕರ್ನಾಟಕ ರಾಗಗಳನ್ನು ನುಡಿಸಿದರು.

ಅರಮನೆಯ ಪಿಯಾನೊ ಹಳ್ಳಿಗೆ ಬರಲಿಲ್ಲ. ಬಂದದ್ದು ಹಾರ್ಮೋನಿಯಂ.

ಪ್ಯಾರಿಸ್ಸಿನ ಅಲೆಕ್ಸಾಂಡರ್ ಡಿಬೇನ್ 1842ರಲ್ಲಿ ಇದರ ಪೇಟೆಂಟ್ ಪಡೆದ. ಕಾಲಿನಿಂದ ತಿದಿ ಒತ್ತುವ ಈ ವಾದ್ಯವನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷ್ ಕೈಯಿಂದ ತಿದಿ ಒತ್ತುವ ಪೆಟ್ಟಿಗೆಯಾಗಿ ಬದಲಿಸಿದರು. ಶಾಸ್ತ್ರೀಯ ಸಂಗೀತದವರಿಗೆ ಇದು ಹಿಡಿಸಲಿಲ್ಲ. ಅದರ ಬಿಳಿ, ಕಪ್ಪು ಮನೆಗಳ (ಕೀಲಿಗಳ) ಸ್ವರ ಸ್ಥಿರ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಂತಿಲ್ಲ, ಗಮಕವಿಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿ, 1971ರವರೆಗೂ ಹೊರಗೇ ಇಟ್ಟಿತು.

ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯ ಪೌರಾಣಿಕ ನಾಟಕಗಳು ಈ ನಿಷೇಧಕ್ಕೆ ಸೊಪ್ಪು ಹಾಕಲಿಲ್ಲ. ‘ಕುರುಕ್ಷೇತ್ರ’ ಆಡಿಸಲು ಊರಿನವರು ತೀರ್ಮಾನಿಸಿದರೆ ಮೊದಲು ಗೊತ್ತು ಮಾಡುವುದು ಹಾರ್ಮೋನಿಯಂ ಮೇಷ್ಟ್ರನ್ನು. ಪಾತ್ರಕ್ಕೆ ಇಷ್ಟೆಂದು ದುಡ್ಡು ಹಾಕಿ ದುರ್ಯೋಧನನೋ ಕೃಷ್ಣನೋ ಆಗುವವರು ಹಗಲೆಲ್ಲ ಹೊಲದಲ್ಲಿ, ಅಂಗಡಿಯಲ್ಲಿ ದುಡಿಯುವವರು. ಸಂಜೆ ಮೇಷ್ಟ್ರು ಒಬ್ಬೊಬ್ಬರ ಕಂಠ ನೋಡಿ ಶ್ರುತಿ ಕಟ್ಟುತ್ತಾರೆ: ಇವನಿಗೆ ಬಿಳಿ ನಾಲ್ಕು, ಅವನಿಗೆ ಕಪ್ಪು ಎರಡು. ಮಟ್ಟು ಕಲಿಸುವುದು, ತಪ್ಪಿದ ಮಾತನ್ನು ಎತ್ತಿಕೊಡುವುದು, ಇರುಳಿಡೀ ರಂಗದ ಮುಂದೆ ಕೂತು ನಾಟಕವನ್ನು ನಡೆಸುವುದು ಎಲ್ಲ ಅವರದೇ ಹೊಣೆ.

ಈ ‘ಬಿಳಿ ನಾಲ್ಕು, ಕಪ್ಪು ಎರಡು’ ಹಿಂದೆ ಯುರೋಪಿನ ದೊಡ್ಡ ಕಥೆಯೇ ಇದೆ. ಹಳೆಯ ಕೀಲಿಮಣೆ ವಾದ್ಯಗಳಲ್ಲಿ ಕೆಲವು ಮನೆಗಳಿಂದ ಹೊರಟರೆ ಸ್ವರ ಇಂಪು, ಬೇರೆ ಮನೆಗಳಿಂದ ಹೊರಟರೆ ಕರ್ಕಶ. ಸ್ವರಗಳ ಅಂತರವನ್ನು ಚೂರುಚೂರು ಹೊಂದಿಸಿ ಯಾವ ಮನೆಯಿಂದ ಹೊರಟರೂ ಕಿವಿಗೆ ಒಪ್ಪುವಂತೆ ಮಾಡಲು ಅಲ್ಲಿನವರು ಶತಮಾನಗಳ ಕಾಲ ಹೆಣಗಿದರು. ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ 1722ರಲ್ಲಿ 24 ಶ್ರುತಿಭೇದಗಳಲ್ಲೂ ಕೃತಿಗಳನ್ನು ಬರೆದು ಅದು ಸಾಧ್ಯವೆಂದು ತೋರಿಸಿದ. ಆ ಹೊಂದಾಣಿಕೆ ಮುಂದೆ ಹನ್ನೆರಡು ಸಮಪಾಲಾಗಿ ಹಾರ್ಮೋನಿಯಮ್ಮಿಗೆ ಇಳಿದು ಬಂತು. ವಿದ್ವಾಂಸರು ದೋಷವೆಂದ ಆ ಸ್ಥಿರ ಸ್ವರವೇ ನಾಟಕಕ್ಕೆ ಗುಣವಾಯಿತು. ಭೀಮನ ದಪ್ಪ ಕಂಠಕ್ಕೂ ದ್ರೌಪದಿಯ ತಾರಸ್ಥಾಯಿಗೂ ಒಂದೇ ಪೆಟ್ಟಿಗೆ ಸಾಕು. ಬೆರಳು ಮನೆ ಬದಲಿಸಿದರೆ ಆಯಿತು.

ಹೀಗೆ ಒಂದೇ ಜಿಲ್ಲೆ ಪಶ್ಚಿಮದ ವಾದ್ಯಗಳನ್ನು ಎರಡು ದಾರಿಯಲ್ಲಿ ತನ್ನದಾಗಿಸಿಕೊಂಡಿತು. ಪಿಟೀಲಿನ ದಾರಿಗೆ ಗ್ರಂಥಗಳಿವೆ, ಪ್ರಶಸ್ತಿಗಳಿವೆ, ರುದ್ರಪಟ್ಟಣದ ಸಂಗೀತೋತ್ಸವವಿದೆ. ಹಾರ್ಮೋನಿಯಂ ಮೇಷ್ಟ್ರುಗಳ ಮಟ್ಟುಗಳು ಮಾತ್ರ ಹೆಚ್ಚಾಗಿ ಅವರ ಬೆರಳಲ್ಲೂ ನಟರ ಬಾಯಲ್ಲೂ ಇವೆ. ಎಲೆಕ್ಟ್ರಾನಿಕ್ ಕೀಬೋರ್ಡ್ ಈಗ ಆ ಜಾಗಕ್ಕೆ ಬರುತ್ತಿದೆ. ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ನಾಟಕ ಸಂಘಗಳು ಸೇರಿ ಹಿರಿಯ ಮೇಷ್ಟ್ರುಗಳನ್ನು ಕೂರಿಸಿ ಆ ಮಟ್ಟುಗಳನ್ನು ಧ್ವನಿಮುದ್ರಿಸಿ ಇಡಬೇಕು. ಇದಕ್ಕೆ ದೊಡ್ಡ ಸ್ಟುಡಿಯೊ ಏನೂ ಬೇಡ, ಮೊಬೈಲ್ ಫೋನು ಸಾಕು. ನಿಮ್ಮೂರಲ್ಲಿ ಈ ಸಲ ತಾಲೀಮು ನಡೆಯುತ್ತಿದ್ದರೆ ಅಲ್ಲಿಂದಲೇ ಶುರು ಮಾಡಿ.