ಎಂಜಿನ್ನಿನ ಸದ್ದಿಗೆ ಕಿವಿಗೊಡೋಣ

ವೈಟ್‌ಫೀಲ್ಡಿನ ನಮ್ಮ ಮನೆಯಲ್ಲಿ ತಂದೆಯವರು ಬಿಟ್ಟುಹೋದ 1972ರ ಅಂಬಾಸಿಡರ್ ಕಾರೊಂದಿದೆ. ಮನೆತನದ ಮದುವೆಗಳಲ್ಲಿ ವಧುವನ್ನು ದೇವಾಲಯಕ್ಕೆ ಕರೆದೊಯ್ಯುತ್ತ ಬಂದಿರುವುದು ಇದೇ ವಾಹನ. ಕಿರಿಯ ಮಗಳ ಮದುವೆಗೆ ಒಂದು ತಿಂಗಳಿರುವಾಗ ಅದರ ಎಂಜಿನ್ನಿನಲ್ಲಿ ಬಡಿತದ ಸದ್ದೊಂದು ಕೇಳಿಬರತೊಡಗಿತು. ಪರಿಚಿತರೊಬ್ಬರ ಸಲಹೆಯಂತೆ ದಪ್ಪನೆಯ ಆಯಿಲ್ ಹಾಕಿಸಿದೆವು. ಸದ್ದು ಅಡಗಿತು, ನಾವೂ ನಿಶ್ಚಿಂತರಾದೆವು. ಆದರೆ ವಾರ ಕಳೆಯುವಷ್ಟರಲ್ಲಿ ಅದು ಇನ್ನಷ್ಟು ಗಡುಸಾಗಿ ಮರಳಿ ಬಂದಿತು.

ಕಾರನ್ನು ಎಳೆಸಿಕೊಂಡು ಪೀಣ್ಯದ ಹಿರಿಯ ಮೆಕ್ಯಾನಿಕರೊಬ್ಬರ ಬಳಿಗೆ ಹೋದೆವು. ಅವರು ಮೊದಲಿಗೆ ಸ್ಪ್ಯಾನರನ್ನು ಮುಟ್ಟಲೇ ಇಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. “ಟ್ಯಾಪೆಟ್ ಸದ್ದು ಮೇಲಿಂದ ಬರುತ್ತೆ ಸಾರ್, ಹಗುರ ಇರುತ್ತೆ. ಇದು ಕೆಳಗಿಂದ ಬರ್ತಿದೆ” ಎಂದರು.

ಟ್ಯಾಪೆಟ್ಟಿನ ಸಂದು ಹೆಚ್ಚಾದರೆ, ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಾಗ ಒಂದು ಕವಾಟ ಒಮ್ಮೆ ಮಾತ್ರ ಟಿಕ್ಕೆನ್ನುತ್ತದೆ. ಫೀಲರ್ ಗೇಜ್ ಇಟ್ಟು ಅದನ್ನು ಸರಿಪಡಿಸಬಹುದು. ಸವೆದ ಪಿಸ್ಟನ್ನಿನ ಸದ್ದು ಎಂಜಿನ್ ತಣ್ಣಗಿರುವಾಗ ಹೆಚ್ಚು, ಬಿಸಿಯಾದಂತೆ ಕಡಿಮೆ. ಬಿಸಿಯಾದ ಮೇಲೂ ಉಳಿದು, ಭಾರ ಬಿದ್ದೊಡನೆ ಗಟ್ಟಿಯಾಗುವ ಆಳದ ಬಡಿತವು ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರುವುದರ ಸೂಚನೆ.

ಆ ಹಿರಿಯರು ಎಂಜಿನ್ ನಿಲ್ಲಿಸಿ, ಒಂದೊಂದೇ ಪ್ಲಗ್ಗಿನ ವೈರನ್ನು ಕಳಚಿ ಅರ್ಥ್ ಮಾಡಿ, ಪ್ರತಿ ಸಲವೂ ಮತ್ತೆ ಚಾಲೂ ಮಾಡಿ ನೋಡಿದರು. ಮೂರನೆಯದನ್ನು ಕಳಚಿದಾಗ ಬಡಿತ ತಗ್ಗಿತು. ಆ ಸಿಲಿಂಡರಿನಲ್ಲಿ ಸ್ಫೋಟದ ಒತ್ತಡವಿಲ್ಲದೆ ಸವೆದ ಬೇರಿಂಗಿನ ಮೇಲಿನ ಹೊಡೆತ ಕಡಿಮೆಯಾಗಿತ್ತು. ಎಂಜಿನ್ ಇಳಿಸಿ ನೋಡಿದರೆ ಬೇರಿಂಗಿನ ಬಿಳಿಯ ಪದರ ಸವೆದು ತಾಮ್ರ ಕಾಣುತ್ತಿತ್ತು. ದಪ್ಪ ಆಯಿಲ್ ಆ ಸವೆತವನ್ನು ಕೆಲವು ದಿನ ಮರೆಮಾಚಿತ್ತು, ಅಷ್ಟೆ. ಹಾಗೆಯೇ ಓಡಿಸಿದ್ದರೆ ರಾಡ್ ಮುರಿದು ಬ್ಲಾಕನ್ನೇ ಸೀಳಬಹುದಿತ್ತು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿರುವಾಗ ಒಳ್ಳೆಯ ಬ್ಲಾಕೊಂದನ್ನು ಹುಡುಕುವುದು ಸುಲಭವಲ್ಲ.

ಕ್ರ್ಯಾಂಕ್ ಶಾಫ್ಟನ್ನು ಗ್ರೈಂಡ್ ಮಾಡಿಸಿ, ಅದರ ಅಳತೆಗೆ ಹೊಂದುವ ಹೊಸ ಬೇರಿಂಗ್ ಕೂರಿಸಲಾಯಿತು. ಮದುವೆಯ ದಿನ ಮಗಳು ತನ್ನ ಅಜ್ಜನ ಕಾರಿನಲ್ಲೇ ದೇವಾಲಯದ ಬಾಗಿಲಿಗೆ ಬಂದಿಳಿದಳು.

ಹಳೆಯ ಕಾರುಳ್ಳ ಓದುಗರಲ್ಲಿ ನಮ್ಮದೊಂದು ಬಿನ್ನಹ: ಸದ್ದು ಕೇಳಿಬಂದರೆ ಅದು ತಣ್ಣಗಿರುವಾಗಲೋ ಬಿಸಿಯಾದಾಗಲೋ, ಮೇಲಿನಿಂದಲೋ ಕೆಳಗಿನಿಂದಲೋ ಎಂಬುದನ್ನು ಗುರುತಿಸಿಕೊಳ್ಳಿ. ಆಳದ ಬಡಿತವಾದರೆ ಅಲ್ಲಿಯೇ ಎಂಜಿನ್ ನಿಲ್ಲಿಸಿ, ಬಲ್ಲವರನ್ನು ಕರೆಸಿ.