ತಿದ್ದುವ ಕೈಗೊಂದು ಎಚ್ಚರ

ಹಿಂದೆ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ತಿದ್ದಿ ಮುಖದ ಕಲೆಗಳನ್ನು ಮರೆಸುತ್ತಿದ್ದರು. 1990ರಲ್ಲಿ ಬಂದ ಫೋಟೋಶಾಪ್ ಆ ಕುಸುರಿಯನ್ನು ಗಣಕಯಂತ್ರಕ್ಕೆ ತಂದಿತು. ಇಂದು ಅದು ಅಂಗೈಯ ಮೊಬೈಲಿಗೂ ಇಳಿದಿದೆ.

ಮೈಸೂರಿನ ಸರಸ್ವತಿಪುರಂನಲ್ಲಿ ನಾವು ಕೆಲವು ಹವ್ಯಾಸಿಗಳು ತಿಂಗಳಿಗೊಮ್ಮೆ ಕಲೆತು, ನಾವು ರಚಿಸಿದ, ತಿದ್ದಿದ ಚಿತ್ರಗಳನ್ನು ಪರಸ್ಪರ ವಿಮರ್ಶಿಸುತ್ತೇವೆ. ಒಮ್ಮೆ ತರುಣ ಮಿತ್ರರೊಬ್ಬರು ತಮ್ಮ ಮುತ್ತಜ್ಜಿಯ ಹಳೆಯ ಫೋಟೋವನ್ನು ತಿದ್ದಿ ತಂದಿದ್ದರು. ಬಿರುಕುಗಳು ಮಾಯವಾಗಿದ್ದವು, ಮುಖ ಹೊಳೆಯುತ್ತಿತ್ತು. ಎಲ್ಲರೂ ಮೆಚ್ಚಿದೆವು. ಜೊತೆಯಲ್ಲಿ ಬಂದಿದ್ದ ಅವರ ಅಜ್ಜಿ ಮಾತ್ರ, "ಇವರು ನಮ್ಮವ್ವ ಅಲ್ಲ ಕಣಪ್ಪ" ಎಂದರು.

ಮೂಲ ಪ್ರತಿಯನ್ನು ಪಕ್ಕದಲ್ಲಿಟ್ಟು ನೋಡಿದೆವು. ಮಾಸಿದ ಮೂರು ಗೆರೆಗಳನ್ನು ಬಿರುಕೆಂದು ಅಳಿಸಲಾಗಿತ್ತು. ಅದು ಹಣೆಯ ವಿಭೂತಿ! ಮುಪ್ಪಿನ ಸುಕ್ಕುಗಳೂ ಹೋಗಿದ್ದವು. ಮೆಚ್ಚಿದ ನಮಗೂ ನಾಚಿಕೆಯಾಯಿತು. ಸಾಮಾನ್ಯರ ಬದುಕನ್ನು ಇದ್ದಂತೆಯೇ ಸೆರೆಹಿಡಿದು 1977ರಲ್ಲಿ ಪದ್ಮಶ್ರೀ ಪಡೆದ ಟಿ. ಎಸ್. ಸತ್ಯನ್ ಅವರ ಊರಿನವರು ನಾವು!

ಮರುತಿಂಗಳು ಚಿತ್ರ ಮತ್ತೆ ಬಂದಿತು. ವಿಭೂತಿ, ಸುಕ್ಕು ಎರಡೂ ಮರಳಿದ್ದವು. ಅಜ್ಜಿ ಏನೂ ನುಡಿಯದೆ ಸೆರಗಿನಿಂದ ಗಾಜನ್ನೊಮ್ಮೆ ಒರೆಸಿದರು.

ಕಲ್ಪನೆಯ ಚಿತ್ರದಲ್ಲಿ ಕಲಾವಿದ ಸ್ವತಂತ್ರ. ಮನೆತನದ ಚಿತ್ರದಲ್ಲಿ ಹಾಗಲ್ಲ. ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ಅರಿಕೆಯಿಷ್ಟೆ: ಮೂಲ ಪ್ರತಿಯನ್ನು ಹಾಗೆಯೇ ಕಾಯ್ದಿಡಿ. ತಿದ್ದುಪಡಿಗಳನ್ನು ಬೇಕೆಂದಾಗ ತೆಗೆಯಲು ಬರುವಂತೆ ಪ್ರತ್ಯೇಕ ಪದರದಲ್ಲಿ ಮಾಡಿ. ಯಾವುದು ಕಲೆ, ಯಾವುದು ಗುರುತು ಎಂಬುದನ್ನು ಮೊದಲು ಮನೆಯ ಹಿರಿಯರಲ್ಲಿ ಕೇಳಿ. ಅವರಿಗಿಂತ ದೊಡ್ಡ ವಿಮರ್ಶಕರಿಲ್ಲ.