ಊಹಾಕಥೆಯ ಕಮ್ಮಟ: ಬದನಗುಪ್ಪೆಯ ಸೀಮೆಗೆ ಒಪ್ಪುವ ಕ್ರಮ

ಹಳ್ಳಿಯ ಜನರನ್ನು ಕೂಡಿಸಿ ಊಹಾಕಥೆ ಬರೆಯಿಸುವ ಕಮ್ಮಟವನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲು ಉದ್ದೇಶಿಸಿದ್ದೇವೆ. ಇರುವ ಲೋಕದ ಯಾವುದಾದರೊಂದು ನಿಯಮವನ್ನು ಬದಲಿಸಿ, ಅದರಿಂದ ಮನುಷ್ಯರ ಬಾಳು ಏನಾಗುವುದೆಂದು ಕ್ರಮವಾಗಿ ಶೋಧಿಸುವ ಕಥನವೇ ಊಹಾಕಥೆ. ವೈಜ್ಞಾನಿಕ ಕಥೆ ಇದರ ಒಂದು ಪ್ರಭೇದ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಅದರಲ್ಲಿ ಶ್ರದ್ಧೆಯಿಂದ ಕೃಷಿ ಮಾಡಿದವರು.

ಇಂಥ ಕಮ್ಮಟಗಳ ಪ್ರಸಿದ್ಧ ಮಾದರಿ ಅಮೆರಿಕದ್ದು. 1956ರಲ್ಲಿ ಪೆನ್ಸಿಲ್ವೇನಿಯಾದ ಮಿಲ್ಫರ್ಡಿನಲ್ಲಿ ಡೇಮನ್ ನೈಟ್ ಮೊದಲಾದವರು ನಡೆಸಿದ ಲೇಖಕರ ಕೂಟದಲ್ಲಿ ಬಳಕೆಗೆ ಬಂದ ಪದ್ಧತಿಯನ್ನು, 1968ರಲ್ಲಿ ರಾಬಿನ್ ಸ್ಕಾಟ್ ವಿಲ್ಸನ್ ಕ್ಲಾರಿಯನ್ ಕಾಲೇಜಿನಲ್ಲಿ ಶಿಕ್ಷಣಕ್ಕೆ ಅಳವಡಿಸಿದರು. ಸುತ್ತ ಕುಳಿತವರು ಒಬ್ಬೊಬ್ಬರಾಗಿ ಹಸ್ತಪ್ರತಿಯ ಗುಣದೋಷಗಳನ್ನು ಹೇಳುವರು. ಅದು ಮುಗಿಯುವವರೆಗೆ ಬರೆದವನು ಬಾಯಿ ತೆರೆಯುವಂತಿಲ್ಲ. ಪದ್ಧತಿ ಒಳ್ಳೆಯದೇ. ಆದರೆ ಎಲ್ಲರೂ ಓದಿಕೊಂಡು ಬಂದಿರಬೇಕೆಂಬುದು ಅದರ ಮೂಲ ಷರತ್ತು. ಓದುಬರಹ ಬಾರದ ಹಿರಿಯರೇ ಕಥೆಯನ್ನು ಚೆನ್ನಾಗಿ ಬಲ್ಲವರಾಗಿರುವ ಊರಿನಲ್ಲಿ ಆ ಷರತ್ತು ಬಲ್ಲವರನ್ನೇ ಹೊರಗೆ ನಿಲ್ಲಿಸುತ್ತದೆ.

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುದಾರಿಯಲ್ಲಿರುವ ಬದನಗುಪ್ಪೆ ಅಂಥ ಸೀಮೆಗೆ ಸೇರಿದ ಊರು. ಈ ಸೀಮೆಯಲ್ಲಿ ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರೂ ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರೂ ಹಾಡುತ್ತಾರೆ. ಕಾವ್ಯದ ಭಾಗಗಳಿಗೆ ‘ಸಾಲು’ ಎಂದು ಹೆಸರು. ಶ್ರವಣ ದೊರೆಯ ಸಾಲನ್ನೇ ನೋಡೋಣ. ಅಲ್ಲಿ ಬದಲಾಗುವ ನಿಯಮ ಒಂದೇ: ದೇವತೆಗಳೆಲ್ಲ ಒಬ್ಬ ದೊರೆಯ ಸೆರೆಯಾಳುಗಳಾಗಿ ಅವನ ಊಳಿಗಕ್ಕೆ ನಿಂತಿದ್ದಾರೆ. ಹಾಗಾದಮೇಲೆ ನೊಂದವರು ಮೊರೆಯಿಡುವುದು ಯಾರಿಗೆ? ಬಿಡುಗಡೆ ದಂಡಿನಿಂದ ಬರುವುದಿಲ್ಲ. ಮಾದೇಶ್ವರನು ಚಮ್ಮಾರನ ವೇಷದಲ್ಲಿ ಒಯ್ದ ಅರಗಿನ ಪಾದರಕ್ಷೆಯನ್ನು ಮೆಟ್ಟಿ ದೊರೆ ನಾಶವಾಗುತ್ತಾನೆ. ಲೋಕವನ್ನು ಸರಿಪಡಿಸುವ ಉಪಾಯ ಅತ್ಯಂತ ಕೀಳೆಂದು ಎಣಿಸಲ್ಪಟ್ಟ ಕಸುಬಿನ ಒಳಗಿನಿಂದಲೇ ಹುಟ್ಟುತ್ತದೆ. ಈ ತರ್ಕಶುದ್ಧಿ ಅಚ್ಚಾಗಿರುವ ಎಷ್ಟೋ ವೈಜ್ಞಾನಿಕ ಕಥೆಗಳಲ್ಲಿ ನಮಗೆ ಕಂಡಿಲ್ಲ.

ಕಟ್ಟುವ ರೀತಿಯೂ ಗಮನಾರ್ಹ. ಮುಖ್ಯ ಗಾಯಕನು ಹೇಳಿದ್ದನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಸಭೆಯನ್ನು ನೋಡಿಕೊಂಡು ಅವನು ಒಂದೆಡೆ ಹಿಗ್ಗಿಸುತ್ತಾನೆ, ಇನ್ನೊಂದೆಡೆ ಕುಗ್ಗಿಸುತ್ತಾನೆ. ಮಿಲ್ಫರ್ಡಿನಲ್ಲಿ ಬರೆದು ಮುಗಿಸಿದಮೇಲೆ ನಡೆಯುವ ತಿದ್ದುಪಡಿ ಇಲ್ಲಿ ಕಥೆ ಹುಟ್ಟುವಾಗಲೇ ನಡೆಯುತ್ತದೆ. ಆದುದರಿಂದ ಬದನಗುಪ್ಪೆಯಂಥ ಊರಿನ ಕಮ್ಮಟದಲ್ಲಿ ಮೊದಲು ಹೇಳುವುದು, ಕೇಳಿದವರು ಪ್ರಶ್ನಿಸುವುದು, ಮರಳಿ ಹೇಳುವುದು, ಕೊನೆಗೆ ಬರೆಯುವುದು ಯುಕ್ತವಾದ ಕ್ರಮ.

ಬರೆಯುವಾಗ ಭಾಷೆಯ ತೊಡಕು ಏಳುತ್ತದೆ. ಆಡಿದ ಮಾತನ್ನು ಶಿಷ್ಟಕನ್ನಡಕ್ಕೆ ತಿದ್ದಿದರೆ ಕಥೆಯ ಉಸಿರು ನಿಲ್ಲುವುದು. ನೆರೆಯ ನಂಜನಗೂಡು ಸೀಮೆಯ ಮಾತಿನಲ್ಲೇ ದೇವನೂರ ಮಹಾದೇವರು ‘ಕುಸುಮಬಾಲೆ’ಯನ್ನು ಬರೆದರು, ಅದರಲ್ಲಿ ದೀಪದ ಜೋತಮ್ಮಂದಿರು ರಾತ್ರಿ ಒಂದೆಡೆ ಸೇರಿ ಮಾತನಾಡುತ್ತಾರೆ, ಮಂಚವೂ ನುಡಿಯುತ್ತದೆ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಆಡುಮಾತಿಗೆ ಕಲ್ಪಿತ ಲೋಕವನ್ನು ಹೊರುವ ಶಕ್ತಿಯಿಲ್ಲವೆಂಬ ವಾದಕ್ಕೆ ಆಮೇಲೆ ಎಡೆಯುಳಿದಿಲ್ಲ.

ವಸ್ತುವಿಗೆ ದೂರ ಹೋಗಬೇಕಾಗಿಲ್ಲ. ಬದನಗುಪ್ಪೆ–ಕೆಲ್ಲಂಬಳ್ಳಿಯ ಹೊಲಗಳಿದ್ದ ನೆಲದಲ್ಲಿ ಈಗ ಕೈಗಾರಿಕಾ ಪ್ರದೇಶವಿದೆ. ಅಲ್ಲಿಯ ಗಡಿಕಲ್ಲುಗಳಿಗೆ ಸಾಕ್ಷಿ ನುಡಿಯುವ ಅಧಿಕಾರ ಬಂದರೆ ಏನಾದೀತು? ಉಳುತ್ತಿದ್ದವನು ಒಂದು ರೀತಿ ಉತ್ತರಿಸುವನು, ಕಾರ್ಖಾನೆಯ ಪಾಳಿಗೆ ಹೋಗುವ ಅವನ ಮಗಳು ಇನ್ನೊಂದು ರೀತಿ. ಕಥೆ ಅಲ್ಲಿಂದಲೇ ಮೊದಲಾಗಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ನಮ್ಮಂಥ ವಿಭಾಗಗಳು ಹಾಡುವವರನ್ನು ‘ವಕ್ತೃ’ಗಳೆಂದು ಪಟ್ಟಿಯಲ್ಲಿ ಸೇರಿಸಿ, ಪುಸ್ತಕದ ಮೇಲೆ ಸಂಪಾದಕರ ಹೆಸರನ್ನು ಅಚ್ಚುಮಾಡುವುದು ರೂಢಿ. ಕಮ್ಮಟದಲ್ಲಿ ಹೇಳಿದವರೂ ಪ್ರಶ್ನಿಸಿದವರೂ ಬರೆದುಕೊಂಡವರೂ ಕಥೆಯ ಕರ್ತೃಗಳೇ. ಅಚ್ಚಿಗೆ ಕೊಡುವ ಮೊದಲು ಪ್ರತಿಯನ್ನು ಅವರೆಲ್ಲರ ಎದುರಿಗೆ ಓದಿ ಒಪ್ಪಿಗೆ ಪಡೆಯಬೇಕು. ಮುಖಪುಟದಲ್ಲಿ ಅಷ್ಟೂ ಹೆಸರುಗಳಿರಬೇಕು.